ಪೇಟೆಗೆ ಐವತ್ತು ತುಂಬಿದ ವರ್ಷ

ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ನೇಕಾರರ ಪೇಟೆಗೆ ಬಂದಾಗ ಬೀದಿಯ ಎರಡೂ ಸಾಲಿನ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ನನ್ನ ತವರು ಅಲ್ಲಿಗೆ ಹತ್ತಿರದ ವಿಜಯಪುರ. ಅಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಬೇಯುವ ಗೂಡಿನ ವಾಸನೆ ಮೂಗಿಗೆ ಅಂಟಿಕೊಂಡು ಬೆಳೆದವಳಿಗೆ ಈ ಸದ್ದು ಹೊಸದು. ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲೆ ಅದು ಇಲ್ಲದಿದ್ದರೆ ನಿದ್ದೆ ಬಾರದ ಹಾಗಾಯಿತು. ಮಗಳು ಹುಟ್ಟಿ ಗೋಡೆ ಹಿಡಿದು ನಡೆಯಲು ಕಲಿಯುವ ಹೊತ್ತಿಗೆ ಬೀದಿ ಮೌನವಾಗಿತ್ತು.

ಯುದ್ಧ ಯಾವ ದೇಶದಲ್ಲಿ ನಡೆಯುತ್ತಿದೆ ಎಂಬುದು ನಮ್ಮ ಹೆಂಗಸರಿಗೆ ಸರಿಯಾಗಿ ಗೊತ್ತಿರಲಿಲ್ಲ. ನಮಗೆ ತಿಳಿದದ್ದು ಇಷ್ಟೇ. ನೂಲು ತೆಗೆಯುವ ಮಿಲ್ಲುಗಳೆಲ್ಲ ಸಿಪಾಯಿಗಳ ಬಟ್ಟೆಗೆ ದುಡಿಯುತ್ತಿವೆ, ಮಿಕ್ಕ ನೂಲು ಸರ್ಕಾರದ ಕಂಟ್ರೋಲಿಗೆ ಹೋಗಿದೆ, ಡಿಪೋದವರು ಕೊಟ್ಟಾಗ ಕೊಟ್ಟಷ್ಟನ್ನು ತರಬೇಕು. ಊರೊಳಗಿನ ಡಿಪೋ ಮುಂದೆ ನನ್ನ ಗಂಡ ಬೆಳಗಿನಿಂದ ನಿಂತು ಸಂಜೆ ಎರಡು ಲಡಿ ನೂಲು ಹಿಡಿದುಕೊಂಡು ಬರುತ್ತಿದ್ದರು. ಎಷ್ಟೋ ಸಲ ಬರಿಗೈಯಲ್ಲಿ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ನೂಲಿಲ್ಲದ ನೇಕಾರನಿಗೆ ಬೇರೆ ಕೆಲಸ ಬಾರದು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಬೆಳೆದ ಮೈ ಅದು, ಗುದ್ದಲಿ ಹಿಡಿದರೆ ಎರಡನೇ ದಿನಕ್ಕೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ಗಂಡ, ನಾನು, ಮಗಳು. ಮಾವನಿಗೆ ಆಗ ಎಪ್ಪತ್ತರ ಹತ್ತಿರ. ಆ ಪೇಟೆಯನ್ನು ಕಟ್ಟಿದವರಲ್ಲಿ ಬದುಕಿ ಉಳಿದಿದ್ದವರು ಅವರೊಬ್ಬರೇ.

ಮಗ್ಗ ನಿಂತ ಮೇಲೆಯೇ ಅವರು ಆ ಕಥೆಯನ್ನು ನನಗೆ ಹೇಳಿದ್ದು. ಅಲ್ಲಿಯವರೆಗೆ ಅವರಿಗೆ ಮಾತಿಗೆ ಬಿಡುವೇ ಇರಲಿಲ್ಲ. ಮೂಡಣ ಸೀಮೆಯಲ್ಲಿದ್ದ ಅವರ ಹಳ್ಳಿಯಲ್ಲಿ ಕೊಳ್ಳುವವರು ಇಲ್ಲದಾದಾಗ ಮೂರು ಮನೆಯವರು ಎರಡು ಬಂಡಿಗೆ ಮಗ್ಗದ ಮರ ಹೇರಿಕೊಂಡು ಹೊರಟರಂತೆ. ಇಲ್ಲಿ ಕೆರೆ ನೀರು ನೂಲಿಗೆ ಗಂಜಿ ಹಾಕಲು ಒಳ್ಳೆಯದೆಂದು ಯಾರೋ ಹೇಳಿದ್ದರು. ಬಂದು ನೋಡಿದರೆ ಬರೀ ಕುರುಚಲು ಗಿಡ, ಪಾಪಾಸುಕಳ್ಳಿ. ಪಕ್ಕದ ಹಳ್ಳಿಯ ಗೌಡರು, ಬೇಸಾಯಕ್ಕೆ ಬಾರದ ಜಾಗ, ಬೇಕಾದರೆ ಇದ್ದುಕೊಳ್ಳಿ ಅಂದರು. ಆಗ ಮಾವನಿಗೆ ಇಪ್ಪತ್ತು ವರ್ಷ, ಅತ್ತೆಗೆ ಹದಿನಾಲ್ಕೋ ಹದಿನೈದೋ. ಗುಡಿಸಲಿಗೆ ಮಾಡು ಹಾಕುವ ಮೊದಲೇ ಮಾವ ಮಗ್ಗದ ಗುಂಡಿ ತೋಡಿದರು. ಮಳೆ ಬಂದು ಗುಂಡಿಯಲ್ಲಿ ನೀರು ನಿಂತು, ಮಗ್ಗಕ್ಕೆ ಉದ್ದಕ್ಕೆ ಹೂಡಿದ್ದ ಹೊಸ ಹಾಸು ಕೊಳೆಯಿತು. ಆ ಮಳೆಗಾಲದಲ್ಲೇ ಅವರ ಮೊದಲ ಕೂಸು ಹೋಯಿತು.

"ಎಲ್ಲಿ ಮಣ್ಣು ಮಾಡಿದ್ರಿ ಮಾವ?" ಎಂದು ಕೇಳಿದೆ.

"ಈಗ ಭಜನೆ ಮನೆ ಐತಲ್ಲ, ಅದರ ಹಿಂದ್ಗಡೆ. ಆಗ ಅದು ಬಯಲು ಕಣವ್ವ. ಆ ಮಗು ಇಲ್ಲಿ ಮಲಗಿದ ಮೇಲೆ ನಿಮ್ಮತ್ತೆ ವಾಪಸ್ ಹೋಗಾಣ ಅಂತ ಒಂದು ದಿನಾನೂ ಅನ್ನಲಿಲ್ಲ."

ಇಷ್ಟು ಹೇಳಿ ಅವರು ಎದ್ದು ಹೋಗಿ ನೂಲಿಲ್ಲದ ಮಗ್ಗದ ಧೂಳು ಒರೆಸಿದರು.

ಐವತ್ತು ವರ್ಷದ ಉತ್ಸವದ ಮಾತು ತೆಗೆದವರು ಬೀದಿಯ ಯಜಮಾನರು. ಅವರದೂ ನೇಕಾರರ ಮನೆಯೇ, ಆದರೆ ಓದು ಬಲ್ಲವರು. ಸರ್ಕಾರಕ್ಕೆ ಅರ್ಜಿ ಬರೆಯುತ್ತಿದ್ದವರು ಅವರೇ. ಭಜನೆ ಮನೆಯ ಜಗಲಿಯಲ್ಲಿ ಗಂಡಸರನ್ನೆಲ್ಲ ಸೇರಿಸಿದರು. ನಾವು ಹೆಂಗಸರು ಎದುರುಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆವು.

"ಪೇಟೆ ಕಟ್ಟಿ ಐವತ್ತು ವರ್ಷ ಆಯ್ತು. ಚಪ್ಪರ ಹಾಕ್ಸಿ, ವಾಲಗ ಇಡ್ಸಿ, ಬೆಂಗಳೂರಿಂದ ನೂಲು ಹಂಚೋ ದೊಡ್ಡ ಸಾಹೇಬ್ರನ್ನ ಕರೆಸಾಣ," ಅಂದರು ಯಜಮಾನರು.

ನನ್ನ ಗಂಡ ಎದ್ದು ನಿಂತರು. "ಮನೇಲಿ ರಾಗಿ ಇಲ್ಲ. ಹಬ್ಬ ಯಾರಿಗೆ ಮಾಡೋದು?"

"ಕೇಳಪ್ಪ. ಎಷ್ಟು ಅರ್ಜಿ ಹಾಕಿದ್ವಿ. ಒಂದಕ್ಕಾದ್ರೂ ಉತ್ತರ ಬಂತಾ? ಹಸಿದೋರ ಬೀದಿಗೆ ಯಾವ ಸಾಹೇಬ್ರೂ ಬರಲ್ಲ. ಹಾರ ಹಾಕ್ತೀವಿ, ಬನ್ನಿ ಅಂದ್ರೆ ಬರ್ತಾರೆ. ಬಂದ್ರೆ ಕಣ್ಣಿಂದ ನೋಡ್ತಾರೆ. ನೋಡಿದ್ರೆ ನಮ್ಮ ಬೀದಿಗೇ ಒಂದು ಡಿಪೋ ಕೇಳ್ಬೋದು."

ಗಂಡಸರು ಒಪ್ಪಿ ಎದ್ದರು. ಈಗ ನೆನೆದರೆ, ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಅನಿಸುತ್ತದೆ. ಬೇರೆ ದಾರಿ ಇರಲಿಲ್ಲ ಅಷ್ಟೇ.

ನನ್ನ ಗಂಡ ಆ ಹೊತ್ತಿಗೆ ಬೆಂಗಳೂರಿನ ಮಿಲ್ಲಿಗೆ ಹೋಗುವ ಮನಸ್ಸು ಮಾಡಿದ್ದರು. ಬೀದಿಯ ಇಬ್ಬರು ಆಗಲೇ ಹೋಗಿ ಸೇರಿದ್ದರು. ಮಾವ ಬೇಡವೆಂದರು. ಜಗಳ ಮಾಡಲಿಲ್ಲ, ಮಗನ ಎದುರು ಕೂತು ಕೇಳಿಕೊಂಡರು.

"ಉತ್ಸವ ಆಗೋಗಂಟ ಇರು. ಬೀದೀಲಿ ಬಾಗಿಲು ಹಾಕಿದ ಮನೆ ಕಂಡ್ರೆ ಸಾಹೇಬ್ರು ಏನು ಅಂದ್ಕತಾರೆ? ಇವರೆಲ್ಲ ಬಿಟ್ಟು ಹೋಗೋರು, ಇವರಿಗ್ಯಾಕೆ ನೂಲು ಅನ್ನಲ್ವಾ?"

"ಅಲ್ಲೀಗಂಟ ಮಗೂಗೆ ಏನು ಹಾಕೋದಪ್ಪಾ?"

ಮರುದಿನದಿಂದ ಮಾವ ತಮ್ಮ ಪಾಲಿನ ಗಂಜಿಯಲ್ಲಿ ಅರ್ಧವನ್ನು ಮಗಳ ಬಟ್ಟಲಿಗೆ ಸುರಿಯತೊಡಗಿದರು. ನಾನು ಬೇಡವೆಂದರೆ, "ವಯಸ್ಸಾದೋರಿಗೆ ಹಸಿವು ಕಮ್ಮಿ," ಎನ್ನುತ್ತಿದ್ದರು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು ಬಟ್ಟಲು ಹಿಂದಕ್ಕೆ ತಳ್ಳಲಿಲ್ಲ. ಎದೆಯಲ್ಲಿ ಹಾಲು ಬತ್ತಿಹೋಗಿತ್ತು. ಮಗು ಅಳುವುದನ್ನೂ ಬಿಟ್ಟು ಸುಮ್ಮನೆ ನನ್ನ ಮುಖ ನೋಡುತ್ತಿತ್ತು.

ಸಾಹೇಬರು ಬರುತ್ತೇನೆಂದು ಒಪ್ಪಿಕೊಂಡರು. ಸುದ್ದಿ ಬಂದ ದಿನ ಬೀದಿಯಲ್ಲಿ ಎಷ್ಟೋ ತಿಂಗಳ ಮೇಲೆ ಜೋರಾಗಿ ಮಾತು ಕೇಳಿಸಿತು. ಸಾಹೇಬರು ಇನ್ನೊಂದು ಮಾತೂ ಹೇಳಿ ಕಳಿಸಿದ್ದರು. ಮೊದಲು ಬಂದ ಹಿರಿಯರು ಬದುಕಿದ್ದಾರಂತೆ, ಅವರು ನೇಯುವುದನ್ನು ನೋಡಬೇಕು ಎಂದು.

ಮಾವನ ಮಗ್ಗದ ಮೇಲೆ ಒಂದಿಷ್ಟು ಬಿಳೀ ಹಾಸು ಉಳಿದಿತ್ತು. ಅಡ್ಡ ಹಾಯಿಸುವ ಹೊಕ್ಕಿಗೆ ಒಂದೆಳೆಯೂ ಇರಲಿಲ್ಲ. ಡಿಪೋದಲ್ಲಿ ಕೇಳಿದರೆ ಆ ತಿಂಗಳ ಪಾಲು ಮುಗಿದಿದೆ ಅಂದರು. ಸಾಹೇಬರೇ ಬರುತ್ತಾರೆ ಅಂದರೆ, ಅವರಿಂದಲೇ ಚೀಟಿ ತನ್ನಿ ಅಂದರು.

ಆಗ ನಾವು ಹೆಂಗಸರೇ ಒಂದು ಉಪಾಯ ಮಾಡಿದೆವು. ಸೀರೆ ನೇಯ್ದು ಮಗ್ಗದಿಂದ ಕತ್ತರಿಸಿದ ಮೇಲೆ ಹಾಸಿನ ಕೊನೆಯಲ್ಲಿ ಮೊಳದುದ್ದದ ನೂಲಿನ ತುಂಡುಗಳು ಉಳಿಯುತ್ತವೆ. ಎಸೆಯಲು ಮನಸ್ಸು ಬಾರದೆ ಎಲ್ಲರೂ ಅವನ್ನು ಎಲ್ಲಾದರೂ ತುರುಕಿಟ್ಟಿರುತ್ತಾರೆ, ದಿಂಬಿನೊಳಗೆ, ಮಾಡಿನ ಸಂದಿಯಲ್ಲಿ, ಉಡುದಾರಕ್ಕೆಂದು ಗೂಟದಲ್ಲಿ. ಮನೆಮನೆಗೆ ಹೋಗಿ ಬೇಡಿ ತಂದೆವು. ಎದುರುಮನೆಯ ಅಕ್ಕ ಮಗು ಮಲಗುತ್ತಿದ್ದ ದಿಂಬನ್ನೇ ಹರಿದು ಕೊಟ್ಟಳು. ಕೆಂಪು, ಹಸಿರು, ಅರಿಸಿನ, ಬಾಡಿದ ನೀಲಿ. ನಮ್ಮ ಮನೆಯ ನಡುವೆ ಗುಡ್ಡೆ ಹಾಕಿಕೊಂಡು, ಬೆಳಗಿನಿಂದ ಬೆಳಕಿರುವವರೆಗೆ ಕೂತು ತುಂಡಿಗೆ ತುಂಡು ಗಂಟು ಹಾಕಿದೆವು. ಬೆರಳ ತುದಿಯ ಸಿಪ್ಪೆ ಎದ್ದಿತು. ಮಾತಾಡಲು ಯಾರಿಗೂ ತ್ರಾಣವಿರಲಿಲ್ಲ. ಹಸಿದವರು ಕೂತು ಗಂಟು ಹಾಕಿದರೆ ಕಣ್ಣು ಕತ್ತಲೆ ಬರುತ್ತದೆ. ಒಬ್ಬಳು ಹಾಗೇ ಪಕ್ಕಕ್ಕೆ ವಾಲಿದಳು. ಅವಳ ಬಾಯಿಗೆ ನೀರು ಹಾಕಿ ಒರಗಿಸಿ, ಅವಳ ಪಾಲನ್ನು ನಾವು ಹಂಚಿಕೊಂಡೆವು. ಆಮೇಲೆ ಅದನ್ನೆಲ್ಲ ನಾನು ರಾಟೆಯಲ್ಲಿ ಲಾಳಿಯೊಳಗಿಡುವ ಪುಟ್ಟ ಕಂಡಿಕೆಗಳಿಗೆ ಸುತ್ತಿದೆ.

ಮಾವ ಒಂದು ಗೇಣು ನೇಯ್ದು ನೋಡಿದರು. ಬಟ್ಟೆಯ ಮೇಲೆಲ್ಲ ಗಂಟುಗಳು, ಮೈಮೇಲೆ ಗುಳ್ಳೆ ಎದ್ದ ಹಾಗೆ.

"ಹಿಂಗೇ ಇರಲಿ. ಸಾಹೇಬ್ರ ಕಣ್ಣಿಗೆ ಬೀಳಲಿ," ಅಂದರು.

ಯಜಮಾನರು ನೋಡಿ ತಲೆಯಾಡಿಸಿದರು. "ಬೇಡ ದೊಡ್ಡಪ್ಪ. ಐವತ್ತು ವರ್ಷದ ಹೆಸರು. ಈ ಪೇಟೆ ಬಟ್ಟೆ ಮೇಲೆ ಕೈ ಆಡಿಸಿದ್ರೆ ಒಂದು ಗಂಟು ಸಿಗಲ್ಲ ಅಂತ ಸಂತೇಲಿ ಹೇಳ್ತಾರೆ. ಮೊದಲು ಬಂದೋರು ನೇಯ್ದಿದ್ದು ಇದು ಅಂತ ಹೆಂಗೆ ತೋರ್ಸೋದು? ನೂಲಿಲ್ಲ ಅಂತ ನಾನು ಭಾಷಣದಲ್ಲಿ ಹೇಳ್ತೀನಲ್ಲ."

ಮಾವನಿಗೂ ಅದನ್ನು ತಮ್ಮ ಕೈಯ ಕೆಲಸವೆಂದು ತೋರಿಸಲು ನಾಚಿಕೆಯಾಗಿತ್ತು. ಗೇಣು ಬಟ್ಟೆಯನ್ನು ಬಿಚ್ಚಿ ಮತ್ತೆ ನೇಯ್ದರು. ಈ ಸಲ ಪ್ರತಿ ಗಂಟಿಗೂ ಲಾಳಿ ನಿಲ್ಲಿಸಿ, ಉಗುರಿನಿಂದ ಒತ್ತಿ ಬಟ್ಟೆಯ ಅಡಿಮುಖಕ್ಕೆ ತಳ್ಳಿದರು. ಮೇಲ್ಮುಖ ನುಣುಪಾಯಿತು. ಕೆಂಪು ಹಸಿರು ಬೆರೆತು, ಯಾರೋ ಯೋಚನೆ ಮಾಡಿಯೇ ಹಾಕಿದ ಬಣ್ಣದ ಹಾಗೆ ಕಾಣುತ್ತಿತ್ತು. ನಿಜಕ್ಕೂ ಚೆನ್ನಾಗಿತ್ತು.

ಉತ್ಸವದ ದಿನ ಬೀದಿ ಗುಡಿಸಿ ಸಗಣಿ ಸಾರಿಸಿ ರಂಗೋಲಿ ಹಾಕಿದೆವು. ಸ್ಕೂಲಿನಿಂದ ಕುರ್ಚಿ ತಂದರು. ಮಹಾರಾಜರ ಪಟಕ್ಕೆ ಹಾರ ಹಾಕಿದರು. ಇದ್ದುದರಲ್ಲಿ ಹರಿಯದ ಸೀರೆಯನ್ನು ಎಲ್ಲರೂ ಉಟ್ಟರು. ನೇಕಾರರ ಮನೆಯ ಹೆಂಗಸರೇ ತೇಪೆ ಹಾಕಿದ ಸೀರೆ ಉಡುವ ಕಾಲ ಅದು. ಯಜಮಾನರ ಮನೆಯಿಂದ ಸಾಹೇಬರಿಗೆಂದು ಮಾಡಿದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬೀದಿಗೆಲ್ಲ ಹರಡಿತು. ಮಕ್ಕಳು ಹೋಗಿ ಆ ಮನೆಯ ಮುಂದೆ ಸಾಲಾಗಿ ಕೂತವು. ನಾವು ಅವನ್ನು ಎಬ್ಬಿಸಿ ಎಳೆದು ತಂದೆವು. ಮತ್ತೆ ಹೋಗಿ ಕೂತವು.

ಸಾಹೇಬರು ಮೋಟಾರಿನಲ್ಲಿ ಬಂದಾಗ ಬಿಸಿಲು ಏರಿತ್ತು. ನಮ್ಮವರೇ, ಕನ್ನಡದವರು, ಮೆದು ಮಾತಿನವರು. ಹಾರ ಹಾಕಿಸಿಕೊಂಡರು. ಯಜಮಾನರು ಪೇಟೆಯ ಚರಿತ್ರೆ ಓದಿದರು. ಮಾವ ಹೇಳಿದ್ದ ಎರಡು ಬಂಡಿ ಅದರಲ್ಲಿ ಹನ್ನೆರಡು ಬಂಡಿಯಾಗಿತ್ತು. ಕೊಳೆತ ಹಾಸು ಇರಲಿಲ್ಲ, ಕೂಸು ಇರಲಿಲ್ಲ. ಕೊನೆಗೆ ನೂಲಿನ ಅಭಾವವೆಂದು ಒಂದು ಮಾತು ಬಂತು. ಅಷ್ಟರಲ್ಲಿ ಸಾಹೇಬರು ಕೈಗಡಿಯಾರ ನೋಡಿಕೊಂಡು, "ಹಿರಿಯರು ನೇಯೋದನ್ನ ನೋಡೋಣವೇ?" ಅಂದರು.

ನಮ್ಮ ಮನೆಯೊಳಗೆ ಬಂದರು. ಹಿಂದೆ ಅವರ ಗುಮಾಸ್ತ, ಯಜಮಾನರು, ಬಾಗಿಲ ತುಂಬ ಜನ. ಮಾವ ಗುಂಡಿಯಲ್ಲಿ ಕೂತು ಲಾಳಿ ಹಾಯಿಸಿದರು. ಕಂಡಿಕೆ ಕೊಡಲು ನಾನು ಪಕ್ಕದಲ್ಲಿ ನಿಂತಿದ್ದೆ. ಸಾಹೇಬರು ಬಟ್ಟೆಯ ಮೇಲೆ ಕೈ ಆಡಿಸಿದರು.

"ಬಹಳ ಸೊಗಸಾಗಿದೆ," ಅಂದರು. "ನೂಲಿಲ್ಲ ನೂಲಿಲ್ಲ ಅಂತ ನನಗೆ ಅರ್ಜಿ ಮೇಲೆ ಅರ್ಜಿ ಬರ್ತಾ ಇದೆ. ಇಲ್ಲಿ ನೋಡಿದರೆ ಬಣ್ಣಬಣ್ಣದ ನೂಲು."

ಯಜಮಾನರು ಕೈಯಲ್ಲಿದ್ದ ಭಾಷಣದ ಕಾಗದ ಮಡಿಸಿಕೊಂಡರು. ಮಾವ ಲಾಳಿ ಕೆಳಗಿಟ್ಟು ಕೈ ಮುಗಿದರು.

"ಸ್ವಾಮಿ, ಅಡೀಲಿ ನೋಡ್ಬೇಕು."

ಸಾಹೇಬರಿಗೆ ಅರ್ಥವಾಗಲಿಲ್ಲ. ಗಂಡಸರ ನಡುವೆ ಬಾಯಿ ತೆರೆದವಳಲ್ಲ ನಾನು. ಆದರೆ ಆ ಹೊತ್ತು ಮಗು ನನ್ನ ಸೊಂಟದ ಮೇಲಿತ್ತು, ಅದರ ತಲೆ ನನ್ನ ಭುಜದ ಮೇಲೆ ಬಿದ್ದಿತ್ತು. ಬಗ್ಗಿ ಬಟ್ಟೆಯ ಅಂಚು ಹಿಡಿದು ಮೇಲೆತ್ತಿ ಅಡಿಮುಖ ತೋರಿಸಿದೆ. ಗಂಟು, ಗಂಟು, ಗಂಟು. ಪಕ್ಕದ ಮಂಕರಿಯಲ್ಲಿ ಉಳಿದಿದ್ದ ತುಂಡುಗಳನ್ನೂ ತೆಗೆದು ಅವರ ಮುಂದೆ ಹಿಡಿದೆ.

"ಇದು ನೂಲಲ್ಲ ಸ್ವಾಮಿ," ಅಂದೆ. "ಎಸೆಯೋ ತುಂಡು. ಬೀದಿ ಹೆಂಗಸರೆಲ್ಲ ಕೂತು ಗಂಟು ಹಾಕಿದ್ದು. ನೀವು ಬರ್ತೀರಿ ಅಂತ. ಯಾರ ಮನೇಲೂ ಇನ್ನೊಂದೆಳೆ ಇಲ್ಲ. ಮಕ್ಕಳಿಗೆ ಕುಡಿಸೋಕೆ ಗಂಜಿ ಇಲ್ಲ."

ಸಾಹೇಬರು ಬಗ್ಗಿ ಬಹಳ ಹೊತ್ತು ನೋಡಿದರು. ಬೆರಳಲ್ಲಿ ಒಂದೊಂದೇ ಗಂಟು ಮುಟ್ಟಿದರು. ಅವರ ಮುಖ ಮೃದುವಾಗಿದ್ದನ್ನು ನಾನು ಕಂಡೆ. ಈಗ ನಮ್ಮ ಕಷ್ಟ ತೀರಿತು ಅಂದುಕೊಂಡೆ. ಅಷ್ಟು ಆಸೆ ನನಗೆ ಆಮೇಲೆ ಯಾವತ್ತೂ ಬಂದಿಲ್ಲ.

ಅವರು ನೆಟ್ಟಗಾಗಿ ಗುಮಾಸ್ತನ ಕಡೆ ತಿರುಗಿದರು. "ನೋಡಿ ಇವರೇ. ಒಂದು ತುಂಡೂ ವ್ಯರ್ಥ ಮಾಡಿಲ್ಲ. ಯುದ್ಧಕಾಲದಲ್ಲಿ ಎಲ್ಲರೂ ಹೀಗಿರಬೇಕು. ಬೇರೆ ಊರಿನ ನೇಕಾರರಿಗೂ ಇದನ್ನ ಕಲಿಸಬೇಕು, ಬರಕೊಳ್ಳಿ." ನನ್ನ ಕಡೆ ನೋಡಿ, "ಬಹಳ ಜಾಣೆ ನೀನಮ್ಮ," ಅಂದರು.

ಗುಮಾಸ್ತ ಬರೆದುಕೊಂಡ. ಮಾವನಿಗೆ ಶಾಲು ಹೊದಿಸಿದರು. ಡಿಪೋ ವಿಷಯ ಯಜಮಾನರು ಎತ್ತಿದಾಗ, "ಆಗಲಿ, ನೋಡೋಣ," ಅಂದರು. ಉಪ್ಪಿಟ್ಟನ್ನು ಒಂದೆರಡು ಚಮಚ ತಿಂದು ಮೋಟಾರು ಹತ್ತಿದರು. ಉಳಿದದ್ದನ್ನು ಯಜಮಾನರ ಹೆಂಡತಿ ಮಕ್ಕಳಿಗೆ ಹಂಚಿದರು. ನನ್ನ ಮಗಳಿಗೂ ಒಂದು ಹಿಡಿ ಬಂತು. ತಿಂದು ವಾಂತಿ ಮಾಡಿಕೊಂಡಿತು. ಅದರ ಹೊಟ್ಟೆಗೆ ಎಣ್ಣೆ ಒಗ್ಗಲಿಲ್ಲ.

ಚಪ್ಪರದ ಕೆಳಗೆ ಮಾವ ಶಾಲು ಹೊದ್ದುಕೊಂಡೇ ಕೂತಿದ್ದರು. ನನ್ನ ಗಂಡ ಬಂದು ಎದುರು ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ನಾಳೆ ಬೆಳಿಗ್ಗೆ ಹೋಗ್ತೀನಿ ಅಪ್ಪಾ."

"ಹೋಗು," ಅಂದರು ಮಾವ. "ನಿನ್ನ ಹಿಡ್ಕಂಡು ತಪ್ಪು ಮಾಡ್ದೆ."

ಡಿಪೋ ಬರಲಿಲ್ಲ. ಮುಂದಿನ ತಿಂಗಳು ಊರೊಳಗಿನ ಡಿಪೋಗೆ ನೂಲು ಕೇಳಲು ಹೋದವರಿಗೆ, ನಿಮ್ಮ ಬೀದಿಯಲ್ಲಿ ಮಗ್ಗ ನಡೆಯುತ್ತಿರುವುದನ್ನು ಸಾಹೇಬರೇ ನೋಡಿ ಬಂದಿದ್ದಾರೆ, ಮೊದಲು ಬೇರೆ ಊರಿನವರಿಗೆ, ಅಂದರಂತೆ. ಯಜಮಾನರು ಬೆಂಗಳೂರಿಗೆ ಅಲೆದರು, ಆ ಕಚೇರಿಯ ಮೆಟ್ಟಿಲ ಮೇಲೆ ಕೂತರು. ಸಾಹೇಬರಿಗೆ ಬೇರೆ ಕಡೆಗೆ ವರ್ಗವಾಗಿತ್ತು. ಬೀದಿಯ ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಕೆಲವರು ಮಿಲ್ಲಿಗೆ ಹೋದರು, ಕೆಲವರು ಮಿಲಿಟರಿ ಕ್ಯಾಂಪಿನ ರಸ್ತೆಗೆ ಜಲ್ಲಿ ಒಡೆಯಲು ಹೋದರು. ಎದುರುಮನೆಯ ಅಕ್ಕ ಎಲ್ಲಿಗೆ ಹೋದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವಳ ಮನೆಯ ಮುಂದೆ ನೀರು ಹಾಕಿರಲಿಲ್ಲ, ಅಷ್ಟೇ.

ನನ್ನ ಅಣ್ಣ ವಿಜಯಪುರದಿಂದ ಬಂದ. ಯುದ್ಧದ ಪ್ಯಾರಾಚೂಟಿಗೆ ರೇಷ್ಮೆ ಬೇಕಾಗಿತ್ತು, ಅಲ್ಲಿ ಕೆಲಸ ಕೈತುಂಬ ಇತ್ತು. ಮಗುವನ್ನು ನೋಡಿ ಅವನು ಒಳಗೆ ಬರದೆ ಹೊಸಿಲಲ್ಲೇ ಕೂತುಬಿಟ್ಟ.

"ನೀವೂ ಬನ್ನಿ ಮಾವ," ಅಂದ.

"ಸೊಸೆ ತವರಿಗೆ ಹೋಗಿ ಊಟಕ್ಕೆ ಕೂರೋನಲ್ಲ ನಾನು. ಇವರಿಬ್ಬರನ್ನ ಕರ್ಕೊಂಡೋಗಪ್ಪ."

ನಾನು ಹೊರಟೆ. ಒಬ್ಬ ಮುದುಕನನ್ನು ಖಾಲಿ ಬೀದಿಯಲ್ಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಹೊರಟೆ. ಬಸ್ಸಿಗೆ ನಡೆಯುವಾಗ ತಿರುಗಿ ನೋಡಲಿಲ್ಲ, ನೋಡಿದ್ದರೆ ಹೆಜ್ಜೆ ಮುಂದಿಡಲು ಆಗುತ್ತಿರಲಿಲ್ಲ. ತವರಿನಲ್ಲಿ ಕುದಿಯುವ ನೀರಿನಿಂದ ಗೂಡು ಎತ್ತಿ ನೂಲು ಬಿಚ್ಚಿದೆ, ಬೊಬ್ಬೆ ಎದ್ದ ಕೈಯಲ್ಲೇ ಮಗಳಿಗೆ ಮುದ್ದೆ ತಿನ್ನಿಸಿದೆ. ಅವಳ ಕೆನ್ನೆ ತುಂಬಿತು. ಪ್ರತಿ ತುತ್ತಿಗೂ ನನಗೆ ಮಾವನ ಬಟ್ಟಲು ಕಣ್ಣಮುಂದೆ ಬರುತ್ತಿತ್ತು.

ನನ್ನ ಗಂಡನಿಗೆ ಮಿಲ್ಲಿನಲ್ಲಿ ಕೆಲಸ ಕಾಯಂ ಆಗಿ, ವಠಾರವೊಂದರಲ್ಲಿ ಕೋಣೆ ಸಿಕ್ಕ ಮೇಲೆ ನಾವು ಮೂವರೂ ಒಟ್ಟಾದೆವು. ಮೊದಲ ರಜೆಗೇ ಅವರು ಹೋಗಿ ಮಾವನನ್ನು ಕರೆತಂದರು. ಊರೊಳಗೆ ಗಂಜಿ ಕೇಂದ್ರ ತೆರೆದಿದ್ದರಂತೆ, ಮಾವ ಅಲ್ಲಿಗೆ ನಡೆದು ಹೋಗಿ ಕುಡಿದು ಬರುತ್ತಿದ್ದರಂತೆ. ಎಷ್ಟು ಇಳಿದುಹೋಗಿದ್ದರೆಂದರೆ ನನ್ನ ಗಂಡ ಅವರನ್ನು ಬಸ್ಸಿನಿಂದ ಎತ್ತಿಯೇ ಇಳಿಸಿದರು. ಜೊತೆಗೆ ಏನೂ ತಂದಿರಲಿಲ್ಲ. ಮಗ್ಗದ ಮರವನ್ನು ಏನು ಮಾಡಿದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಬ್ಬರ ಸಂಬಳ ನಾಲ್ಕು ಹೊಟ್ಟೆಗೆ ಸಾಲದೆ ನಾನೂ ಮಿಲ್ಲಿನಲ್ಲಿ ನೂಲನ್ನು ಲಡಿ ಸುತ್ತುವ ರೀಲಿಂಗ್ ಖಾತೆಗೆ ಸೇರಿದೆ. ಅಲ್ಲಿ ಮೊದಲ ದಿನ ನೂಲಿನ ಲಡಿಗಳು ಸೂರಿನವರೆಗೆ ಪೇರಿಸಿದ್ದನ್ನು ಕಂಡು, ಮೇಸ್ತ್ರಿ ಕೂಗುವವರೆಗೆ ನಿಂತೇ ಇದ್ದೆ. ಮನೆಗೆ ಬಂದು ಮಾವನಿಗೆ ಹೇಳಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದಾಗ ಮಾವ ಮಗಳನ್ನು ನೋಡಿಕೊಳ್ಳುತ್ತಿದ್ದರು. ವಠಾರದ ನಲ್ಲಿಯ ಹತ್ತಿರ ಕೂತು ಅವಳಿಗೆ ಹುಣಸೆ ಬೀಜದಲ್ಲಿ ಆಟ ಹೇಳಿಕೊಡುತ್ತಿದ್ದರು. ಅವರಿಗೆ ಊಟ ಸಾಕಷ್ಟಿತ್ತು, ಆದರೆ ತಿನ್ನಲು ಆಗುತ್ತಿರಲಿಲ್ಲ. ಕರುಳು ಒಣಗಿದೆ ಎಂದರು ಡಾಕ್ಟರು.

ಒಂದು ಮಧ್ಯಾಹ್ನ ಪಕ್ಕದ ಕೋಣೆಯ ಹೆಂಗಸು ಮಿಲ್ಲಿನ ಗೇಟಿಗೆ ಬಂದು ನನ್ನನ್ನು ಕರೆಸಿದಳು. ನನ್ನ ಮಗಳು ಅವಳ ಸೆರಗು ಹಿಡಿದು, "ತಾತ ಏಳ್ತಾ ಇಲ್ಲ," ಅಂದಿದ್ದಳಂತೆ. ನಾನು ಓಡಿ ಹೋಗುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಮಗಳು ಅವರ ಅಂಗೈಯಲ್ಲಿ ಒಂದೊಂದೇ ಬೀಜ ಇಡುತ್ತಾ ಕೂತಿದ್ದಳು.

ನನ್ನ ಗಂಡ ಪೇಟೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿ ಉಳಿದಿದ್ದವರಲ್ಲಿ ಯಜಮಾನರೊಬ್ಬರೇ ಸಂಜೆ ಬಸ್ಸಿಗೆ ಬಂದರು. ಹೆಣವನ್ನು ಪೇಟೆಗೆ ಒಯ್ದು, ಭಜನೆ ಮನೆಯ ಹಿಂದೆ ಮಣ್ಣು ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಅಷ್ಟು ದೂರ ಒಯ್ಯಲು ಗಾಡಿ ಸಿಗಲಿಲ್ಲ. ಬೆಂಗಳೂರಿನಲ್ಲೇ, ಯಾರೂ ನಮ್ಮವರಿಲ್ಲದ ಒಂದು ರುದ್ರಭೂಮಿಯಲ್ಲಿ, ಮಿಲ್ಲಿನ ನಾಲ್ಕು ಜನ ಹೆಗಲು ಕೊಟ್ಟು ಮುಗಿಸಿದರು.

ಮಾರನೆಯ ದಿನ ಮಿಲ್ಲಿಗೆ ಹೋಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಮಗಳನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು, ಮುಖ ತೊಳೆದುಕೊಂಡು ಇಬ್ಬರೂ ಹೋದೆವು.